ಹದಿನೇಳನೆಯ ಪಿನ್ನು

ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ಚಾಳಿ ನನಗೆ ಎಲ್ಲಿಂದ ಅಂಟಿತು ಎಂದು ಮೊನ್ನೆ ನನ್ನ ಗಂಡ ಕೇಳಿದರು. ಅಥಣಿಯ ಮನೆಯ ಬಾಗಿಲಲ್ಲಿ ಇಬ್ಬರೂ ಚೀಲ ಹಿಡಿದು ನಿಂತಿದ್ದೆವು. ಬಸ್ಸಿಗೆ ಹೊತ್ತಾಗಿತ್ತು. ನಾನು ಮಾತ್ರ ಬೀಗ ಜಗ್ಗುತ್ತಲೇ ಇದ್ದೆ. "ಹವಾಲ್ದಾರ ಕಾಕಾ ಕೊಟ್ಟ ಆಸ್ತಿ ಇದು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಕುಳಿತು ಪೂರ್ತಿ ಹೇಳಬೇಕಾಯಿತು. ಹೇಳುತ್ತಾ ಹೋದಂತೆ ಇದನ್ನು ಬರೆದಿಡಬೇಕು ಅನಿಸಿತು.

ಕಾಗವಾಡದ ನಮ್ಮ ಬ್ಯಾಂಕಿನ ಶಾಖೆಯಲ್ಲಿ ಹವಾಲ್ದಾರ ಕಾಕಾ ಬಂದೂಕಿನ ಗಾರ್ಡ್, ನಾನು ಕ್ಲಾರ್ಕ್. ಕಾಗವಾಡ ಆಗಿನ್ನೂ ತಾಲೂಕು ಆಗಿರಲಿಲ್ಲ. ಶಾಖೆಗೆ ಕಂಪ್ಯೂಟರ್ ಬಂದು ಒಂದೆರಡು ವರ್ಷವಾಗಿತ್ತಷ್ಟೆ, ಅದಕ್ಕೆ ಹೊದಿಸುವ ಬಟ್ಟೆ ಕಂಪ್ಯೂಟರಿಗಿಂತ ಚೆನ್ನಾಗಿತ್ತು. ತೆಲಸಂಗದ ಒಣನೆಲದಲ್ಲಿ ಬೆಳೆದ ನನಗೆ ಕಬ್ಬು, ದ್ರಾಕ್ಷಿಗಳ ಆ ಹಸಿರೂ ಹೊಸದು, ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುವ ಗಿರಾಕಿಗಳೂ ಹೊಸಬರು. ಮೊದಲ ದಿನ ಬಾಗಿಲಲ್ಲೇ ನನ್ನನ್ನು ತಡೆದು, "ನೇಮಣೂಕಿ ಪತ್ರ ತೋರಸ್ರಿ ಬಾಯಾರ" ಎಂದವರು ಇವರೇ. ಮ್ಯಾನೇಜರ್ ಒಳಗಿನಿಂದ ಕೈಬೀಸಿ ಕರೆಯುತ್ತಿದ್ದರೂ ಬಿಡಲಿಲ್ಲ. ನೇಮಕಾತಿ ಪತ್ರದ ಮೊಹರು, ಸಹಿ ನೋಡಿ, ಮಡಚಿ, ಕೈಗಿತ್ತು, "ಈಗ ಬರ್ರಿ" ಎಂದರು. ಆ ದಿನ ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ಸೈನ್ಯದ ಇಂಜಿನಿಯರ್ ಪಲಟನ್ನಿನಲ್ಲಿ ಹವಾಲ್ದಾರರಾಗಿ ನಿವೃತ್ತಿ ಹೊಂದಿ ಬಂದವರು. ಇಂಜಿನಿಯರ್ ಎಂದಾಗ ನಾವು ಕ್ಯಾಶ್ ಕೌಂಟರಿನವರು ಮೊದಮೊದಲು ಮುಸಿಮುಸಿ ನಗುತ್ತಿದ್ದೆವು. ಅವರು ಬೇಸರ ಮಾಡಿಕೊಳ್ಳದೆ ತಿಳಿಸಿ ಹೇಳುತ್ತಿದ್ದರು. ಸೇತುವೆಗೆ ಅವರು ಪೂಲ ಎನ್ನುತ್ತಿದ್ದರು.

"ನಾವು ಗುಂಡು ಹಾರಸೂದು ಕಡಿಮಿರಿ. ದಂಡಿಗೆ ದಾರಿ ಮಾಡೂದು, ಪೂಲ ಹಾಕೂದು, ಕುಡ್ಯಾಕ ನೀರು ತರೂದು ನಮ್ಮ ಕೆಲಸ. ದಂಡು ದಾಟಿ ಹೋದ ಮ್ಯಾಲ ಆ ಪೂಲ ಬಿಚ್ಚಿ, ಹೆಗಲ ಮ್ಯಾಲ ಹೊತ್ಕೊಂಡು ನಾವೂ ಹೋಗೂದು. ಹಿಂದ ಬಂದವರಿಗೆ ಅಲ್ಲೊಂದು ಪೂಲ ಇತ್ತು ಅನ್ನೂದೂ ಗೊತ್ತಾಗೂದಿಲ್ಲ."

'ಸುಮಾರು' ಎಂಬ ಮಾತು ಅವರ ಕಿವಿಗೆ ಬೀಳುವಂತಿರಲಿಲ್ಲ. ಬಸ್‌ಸ್ಟ್ಯಾಂಡು ಇಲ್ಲಿಂದ ಎಷ್ಟು ದೂರ ಎಂದು ಹೊರಗಿನ ಗಿರಾಕಿ ಕೇಳಿದರೆ ಹೆಜ್ಜೆಗಳ ಲೆಕ್ಕ ಹೇಳುತ್ತಿದ್ದರು. ಬ್ಯಾಂಕಿನ ಎದುರು ಗಟಾರು ತೋಡಲು ಬಂದವರಿಗೆ ಇಳಿಜಾರು ತಪ್ಪಿದೆ ಎಂದು ನೀರು ಸುರಿದು ತೋರಿಸಿದ್ದರು. ಬಂದೂಕು ಕಂಬಕ್ಕೆ ಒರಗಿಸಿ ಗಟಾರಿಗಿಳಿದ ತಪ್ಪಿಗೆ ಮ್ಯಾನೇಜರರಿಂದ ಬೈಸಿಕೊಂಡರು. ಗಟಾರು ಮಾತ್ರ ಸರಿಯಾಯಿತು, ಇಂದಿಗೂ ಅಲ್ಲಿ ನೀರು ನಿಲ್ಲುವುದಿಲ್ಲ.

ಅವರ ನಿಜವಾದ ಹುಚ್ಚು ಇದ್ದದ್ದು ಸಂಜೆ ಬೀಗ ಹಾಕುವಾಗ. ಮ್ಯಾನೇಜರ್ ಬೀಗ ಹಾಕಿ ಕೈಕೊಡವಿಕೊಂಡು ಹೊರಡುವಷ್ಟರಲ್ಲಿ ಇವರು ಮುಂದೆ ಬಂದು ಬೀಗವನ್ನು ಮೂರು ಸಲ ಜಗ್ಗುತ್ತಿದ್ದರು. ಹೆಬ್ಬೆರಳಿನಿಂದ ಕೊಂಡಿಯನ್ನು ಮುಟ್ಟುತ್ತಿದ್ದರು. ಆಮೇಲೆ ಗಟ್ಟಿಯಾಗಿ "ಠೀಕ್!" ಎನ್ನುತ್ತಿದ್ದರು. ಅದಾದ ಮೇಲೆಯೇ ನಮಗೆಲ್ಲ ಮನೆಗೆ ಹೋಗಲು ಅಪ್ಪಣೆ. ಹೊಸ ಮ್ಯಾನೇಜರ್ ಒಬ್ಬರು, "ನನ್ನ ಮೇಲೆ ನಂಬಿಕೆ ಇಲ್ಲೇನ್ರಿ ಹವಾಲ್ದಾರ್ರ?" ಎಂದು ಚುಚ್ಚಿದರು. ಇವರು, "ನಂಬಿಕಿ ಐತ್ರಿ ಸಾಹೇಬ್ರ, ಅದಕ್ಕ ನೋಡಾಕತ್ತೀನಿ" ಎಂದರು. ಅದೇನು ಮಾತು ಎಂದು ನಾವೆಲ್ಲ ದಾರಿಯುದ್ದಕ್ಕೂ ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಹೀಗಿರುವಾಗ ಒಂದು ದಿನ ಅವರ ಹಳೆಯ ಪಲಟನ್ನಿನಿಂದ ಪತ್ರ ಬಂತು. ಪಲಟನ್ನಿನ ಇತಿಹಾಸವನ್ನು ಹೊಸದಾಗಿ ಅಚ್ಚು ಹಾಕಿಸುತ್ತಾರಂತೆ, ಹಳಬರು ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದು ಕಳಿಸಬೇಕಂತೆ. ಕಾಕಾ ಆ ಪತ್ರವನ್ನು ವಾರವಿಡೀ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಾಡಿದರು. ಆಮೇಲೆ ಊಟದ ಬಿಡುವಿನಲ್ಲಿ ನನ್ನ ಮೇಜಿಗೆ ಬಂದರು.

"ಬಾಯಾರ, ನನಗ ಇಂಗ್ಲಿಷ್ ಬರೂದಿಲ್ಲ, ಹಿಂದಿ ಬರೇ ಮಾತಿಗೆ. ನಿಮ್ಮ ಇಂಗ್ಲಿಷ್ ಚಲೋ ಐತಿ. ನಾ ಹೇಳತೀನಿ, ನೀವು ಬರೀತೀರೇನು?"

ಹೀಗೆ ಶುರುವಾಯಿತು. ಹಳೆಯ ಲೆಡ್ಜರುಗಳ ಕೋಣೆಯಲ್ಲಿ, ಕೆಟ್ಟುಹೋದ ಫಾರ್ಮುಗಳ ಬೆನ್ನ ಮೇಲೆ, ದಿನಕ್ಕೆ ಅರ್ಧ ತಾಸು. ನಾನು ರೊಟ್ಟಿ ಮುರಿಯುತ್ತಾ ಬರೆಯುತ್ತಿದ್ದೆ. ಅವರು ನಿಂತೇ ಹೇಳುತ್ತಿದ್ದರು, ಪಲಟನ್ನಿನ ಮಾತನ್ನು ಕುಳಿತು ಹೇಳಲು ಅವರಿಗೆ ಬರುತ್ತಿರಲಿಲ್ಲ. ಹೊಸ ಸೇತುವೆ ಹಾಕಿದರೆ ಅಡಿಗೆಯವನು ಮುಂದೆ ನಡೆದ ಹೊರತು ಹೆಜ್ಜೆ ಇಡದ ಹೇಸರಗತ್ತೆಯ ಕತೆ ಹೇಳಿದರು. ಬಣ್ಣದ ಡಬ್ಬಿಯಲ್ಲಿ ಕಾಸಿದ ಚಹಾ ಕುಡಿದು ಇಡೀ ತುಕಡಿಯ ನಾಲಿಗೆ ಹಸಿರಾದದ್ದನ್ನು ಹೇಳಿದರು. ಗುಡ್ಡದ ತುದಿಯಲ್ಲಿ ಬಾವಿ ತೋಡಿ ಮೊದಲ ನೀರು ಬಂದಾಗ ಯಾರೂ ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಕುಳಿತದ್ದನ್ನು ಹೇಳುವಾಗ ತಾವೂ ಬೊಗಸೆ ಹಿಡಿದು ನಿಂತಿದ್ದರು.

ಅವರದೊಂದು ಕರಾರು ಇತ್ತು. "ಸಾಹೇಬ್ರ ಹೆಸರು ಬರಕೊಳ್ಳಾಕ ಅಲ್ಲಿ ಮಂದಿ ಅದಾರ. ನೀವು ಹೊತ್ತವರ ಹೆಸರು ಬರೀರಿ." ಯಾವ ಸೇತುವೆಯ ಯಾವ ಚೌಕಟ್ಟನ್ನು ಯಾವ ಆರು ಮಂದಿ ಹೊತ್ತರು ಎಂಬುದು ಅವರಿಗೆ ಬಾಯಿಪಾಠ. ಕನ್ನಡದವರು, ಮರಾಠರು, ತಮಿಳರು, ಸಿಖ್ಖರು, ಎಲ್ಲರ ಊರು ಸಮೇತ ಬರೆಸಿದರು.

ಆದರೆ ಒಂದು ನದಿಯ ಹತ್ತಿರ ಬಂದಾಗ ಮಾತ್ರ ನಿಂತುಬಿಡುತ್ತಿದ್ದರು. "ಅಲ್ಲಿ ನಮ್ಮ ಎರಡು ತುಕಡಿ ಪೂಲ ಹಾಕಾಕ ಹೋದ್ವು" ಎಂದು ಶುರುಮಾಡಿ, ಗಡಿಯಾರ ನೋಡಿ, "ಇವತ್ತಿಗೆ ಸಾಕ್ರಿ" ಎನ್ನುತ್ತಿದ್ದರು. ಮರುದಿನವೂ ಅಷ್ಟೆ, ಮುಂದಿನ ವಾರವೂ ಅಷ್ಟೆ. ನನಗೆ ಚೇಷ್ಟೆ. "ಕಾಕಾ, ನಿಮ್ಮ ಪಲಟನ್ ಈ ನದಿ ದಾಟೂದು ಯಾವಾಗ್ರಿ?" ಎಂದೆ. ಅವರು ನಗಲಿಲ್ಲ.

ಮರುದಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ತೆಳುವಾದ ಪುಸ್ತಕ ತಂದರು. ಪಲಟನ್ನಿನ ಹಳೆಯ ಇತಿಹಾಸ. ಒಂದು ಪುಟ ತೆರೆದು ಒಂದು ಸಾಲಿನ ಕೆಳಗೆ ಬೆರಳಿಟ್ಟು, ಇದನ್ನು ಕನ್ನಡದಲ್ಲಿ ಹೇಳಿ ಎಂದರು. ಒಬ್ಬ ಸ್ಯಾಪರನ ನಿರ್ಲಕ್ಷ್ಯದಿಂದ ಸೇತುವೆಯ ಮುಂಭಾಗ ನದಿಗೆ ಬಿದ್ದಿತು ಎಂದಿತ್ತು. ಸ್ಯಾಪರ್ ಎಂದರೆ ಅವರ ಪಲಟನ್ನಿನ ಸಾದಾ ಸಿಪಾಯಿ.

"ಆ ಸ್ಯಾಪರ್ ಯಾರು ಗೊತ್ತೇನ್ರಿ? ಇಲ್ಲೇ ಉಗಾರ ಖುರ್ದದಾಗ ವೆಲ್ಡಿಂಗ್ ಅಂಗಡಿ ಹಾಕ್ಯಾನ. ನಾವಿಬ್ಬರೂ ಒಂದ ದಿನ ಭರ್ತಿ ಆದವರು. ಬಾಜೂಕ ಬಾಜೂಕ ನಾವು ಮಲಗೂ ಕಾಟು. ಅವನ ಸಂಗಾಟ ಮಾತಾಡಿ ಮೂವತ್ತು ವರ್ಷ ಆತು."

ಆ ದಿನ ಅವರು ಮೊದಲ ಬಾರಿಗೆ ಕುಳಿತು ಹೇಳಿದರು.

ಅವರ ಸೇತುವೆ ಎಂದರೆ ಕಬ್ಬಿಣದ ಚೌಕಟ್ಟುಗಳ ಜೋಡಣೆ. ಒಂದು ಚೌಕಟ್ಟಿಗೆ ಇನ್ನೊಂದನ್ನು ಕೂಡಿಸಿ ಗೇಣುದ್ದದ ಪಿನ್ನು ಬಡಿಯುತ್ತಾರೆ. ಪಿನ್ನಿನ ತುದಿಯ ತೂತಿಗೆ ಒಂದು ಪುಟ್ಟ ಕ್ಲಿಪ್ಪು. ಕ್ಲಿಪ್ಪಿಲ್ಲದಿದ್ದರೆ ಪಿನ್ನು ಅಲುಗಿ ಅಲುಗಿ ಹೊರಬೀಳುತ್ತದೆ. ಈ ದಂಡೆಯಲ್ಲಿ ಎಲ್ಲ ಜೋಡಿಸಿ, ಉರುಳೆಗಳ ಮೇಲಿಟ್ಟು, ಆ ದಂಡೆಗೆ ತಳ್ಳುತ್ತಾರೆ. ಅದಕ್ಕೆ ಮೊದಲು ಒಂದು ಪದ್ಧತಿ. ಪಿನ್ನು ಹಾಕುವವನು ಅದರ ನಂಬರು ಕೂಗುತ್ತಾನೆ. ಹಿಂದೆ ಬರುವವನು ಸುತ್ತಿಗೆಯಿಂದ ಪಿನ್ನನ್ನು ತಟ್ಟಿ, ಕ್ಲಿಪ್ಪನ್ನು ಬೆರಳಿನಿಂದ ಮುಟ್ಟಿ, "ಠೀಕ್" ಎಂದು ಕೂಗಬೇಕು. ಆ ದಿನ ಉಗಾರದ ಗೆಳೆಯ ಪಿನ್ನು ಹಾಕುವವನು, ಇವರು ತಟ್ಟುವವರು. ಎರಡು ತುಕಡಿಗಳ ನಡುವೆ ಪಂದ್ಯ. ಸಾಹೇಬರು ಗಡಿಯಾರ ಹಿಡಿದು ನಿಂತಿದ್ದರು.

"ಹದಿನಾಲ್ಕರ ತನಕ ತಟ್ಟಿದೆ. ಹದಿನೈದು, ಹದಿನಾರು, ಹದಿನೇಳು ನಿಂತಲ್ಲಿಂದನ ಠೀಕ್ ಅಂದೆ. ಗಡಿಬಿಡಿ ಇತ್ತು, ಖರೆ. ಆದ್ರ ಅದೊಂದ ಅಲ್ರಿ. ಅಂವ ಹಾಕಿದ ಪಿನ್ ಮುಟ್ಟಿ ನೋಡೂದು ಅಂದ್ರ ದೋಸ್ತನ ಮ್ಯಾಲ ಸಂಶೆ ಮಾಡಿದಂಗ ಅನಸ್ತು."

ಹದಿನೇಳನೆಯ ಪಿನ್ನಿಗೆ ಕ್ಲಿಪ್ಪಿರಲಿಲ್ಲ. ಸೇತುವೆ ಅರ್ಧ ನದಿಯ ಮೇಲೆ ಚಾಚಿದ್ದಾಗ ಪಿನ್ನು ಕಳಚಿತು. ಮುಂಭಾಗ ಮುರಿದು ನೀರಿಗೆ ಬಿತ್ತು. ಯಾರೂ ಸಾಯಲಿಲ್ಲ, ಒಬ್ಬನ ಕಾಲು ಮುರಿಯಿತು. ವಿಚಾರಣೆ ನಡೆಯಿತು. ಮುಟ್ಟಿ ನೋಡಿದ್ದೆಯಾ ಎಂದು ಸಾಹೇಬರು ಇವರನ್ನು ಕೇಳಿದರು.

"ನಾ ಮುಟ್ಟಿದಾಗ ಕ್ಲಿಪ್ ಇತ್ತು ಸಾಹೇಬ್ ಅಂದೆ. ಅಷ್ಟ ಅಂದೆ ಬಾಯಾರ."

ಅಂದರೆ ಪಿನ್ನು ಹಾಕಿದವನೇ ಆಮೇಲೆ ಕ್ಲಿಪ್ಪು ತೆಗೆದಿರಬೇಕು ಎಂದಾಯಿತು. ಗೆಳೆಯನಿಗೆ ಶಿಕ್ಷೆಯಾಯಿತು. ಶಿಕ್ಷೆ ಮುಗಿಸಿದವನು ಪೆನ್ಶನ್ನಿನ ವರ್ಷಗಳು ತುಂಬುವ ಮೊದಲೇ ನೌಕರಿ ಬಿಟ್ಟು ಊರಿಗೆ ಬಂದ. ಊರವರು ಅವನಿಗೆ ಪೂಲ ಕೆಡವಿದಾಂವ ಎಂದು ಹೆಸರಿಟ್ಟರು. ಇವರಿಗೆ ಮರುವರ್ಷ ತೋಳಿಗೆ ಬಡ್ತಿಯ ಪಟ್ಟಿ ಬಂತು.

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಬೀಗ ಜಗ್ಗಿ ಜಗ್ಗಿ ನಮ್ಮನ್ನೆಲ್ಲ ಕಾಯಿಸುವ ಈ ಮನುಷ್ಯ ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೇ ಅನಿಸಿತು. ಆಮೇಲೆ ಆ ಜಗ್ಗುವಿಕೆ ಎಲ್ಲಿಂದ ಬಂತೆಂದು ಹೊಳೆಯಿತು. ನಕ್ಕದ್ದಕ್ಕೆ ನಾಚಿಕೆಯಾಯಿತು.

"ಈ ಸಲ ಖರೇದ್ದ ಬರೀರಿ" ಎಂದರು. "ಹೊಸಾ ಪುಸ್ತಕದಾಗ ಮತ್ತ ಅದ ಸಾಲು ಬಂತಂದ್ರ ಅಂವ ಸತ್ತ ಮ್ಯಾಲೂ ಅಂವನ ಪೂಲ ಕೆಡವಿದಾಂವ ಆಗಿ ಉಳೀತಾನ."

ಆ ಸಂಜೆ ಮನೆಯಲ್ಲಿ ಕುಳಿತು ಬರೆದೆ. ಬರೆಯುವಾಗ ಜಾಣತನ ಮಾಡಿದೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯ ಹುಡುಗರು ಈ ಮನುಷ್ಯನನ್ನು ಧ್ವಜದ ಪಕ್ಕ ನಿಲ್ಲಿಸಿ ಸಲಾಮು ಹೊಡೆಯುತ್ತಾರೆ. ಸುಳ್ಳು ಹೇಳಿದೆ ಎಂದು ಇವರೇ ಅಚ್ಚು ಹಾಕಿಸಿಕೊಳ್ಳುವುದು ಬೇಡ ಅನಿಸಿತು. ತಟ್ಟಲಿಲ್ಲ ಎಂಬುದನ್ನು ಸರಿಯಾಗಿಯೇ ಬರೆದು, ವಿಚಾರಣೆಯ ಮಾತನ್ನು ಮಾತ್ರ "ಕ್ಲಿಪ್ಪು ಇತ್ತೆಂದು ನಾನು ತಪ್ಪಾಗಿ ಭಾವಿಸಿರಬಹುದು" ಎಂದು ಇಂಗ್ಲಿಷಿನಲ್ಲಿ ತೇಲಿಸಿಬಿಟ್ಟೆ. ಮರುದಿನ ಕಾಗದ ಕೊಟ್ಟಾಗ ಕಾಕಾ, "ನಾ ಹೇಳಿದಂಗ ಐತಲ್ರಿ?" ಎಂದು ಕೇಳಿದರು. "ಐತ್ರಿ" ಎಂದೆ. ಅವರು ಸಹಿ ಹಾಕಿದರು. ಆದರೆ ಕಳಿಸಲು ಒಪ್ಪಲಿಲ್ಲ. "ಮೊದಲ ಅಂವ ಕೇಳಬೇಕು. ನೀವೂ ಬರ್ರಿ. ನಾ ಒಬ್ಬನ ಹೋದ್ರ ಬಾಗಲದಾಗಿಂದ ತಿರುಗಿ ಬರತೀನಿ, ಇಷ್ಟು ವರ್ಷ ಹಂಗ ಆಗೇತಿ."

ಭಾನುವಾರ ಉಗಾರಕ್ಕೆ ಹೋದೆವು. ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆಗೆ ಸಾಲುಗಟ್ಟಿದ್ದವು, ನಮ್ಮ ಬಸ್ಸು ಅವುಗಳ ಹಿಂದೆ ತೆವಳಿತು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಶೇಡಬಾಳ ದಾಟುವಾಗ ಒಮ್ಮೆ, ಇಳಿದುಬಿಡೋಣವೇ ಎಂಬಂತೆ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಅಂಗಡಿ ಎಂದರೆ ನಾಲ್ಕು ತಗಡು. ಗೋಡೆಗೆ ಸಾಲಾಗಿ ಟ್ರಾಲಿ ಸಿಕ್ಕಿಸುವ ಪಿನ್ನುಗಳನ್ನು ನೇತುಹಾಕಿದ್ದರು. ಪ್ರತಿಯೊಂದು ಪಿನ್ನಿಗೂ ಸಣ್ಣ ಸರಪಳಿಯಲ್ಲಿ ಒಂದು ಕ್ಲಿಪ್ಪು ಕಟ್ಟಿತ್ತು. ಊರಿನವರೆಲ್ಲ ಚಾಚಾ ಎಂದು ಕರೆಯುವ ಆ ಮುದುಕರು ಬೆಂಕಿ ಆರಿಸಿ, ಮುಖದ ಗುರಾಣಿ ಎತ್ತಿ, ಕಾಕಾರನ್ನು ನೋಡಿದರು.

ಕಾಕಾ ಬಾಗಿಲಲ್ಲೇ ನೆಟ್ಟಗೆ ನಿಂತು ಹೇಳಿದರು. "ಹದಿನೇಳನೇದು ನಾ ತಟ್ಟಿರಲಿಲ್ಲೋ."

"ಗೊತ್ತೈತಿ" ಎಂದರು ಚಾಚಾ. "ಸುತ್ತಿಗಿ ಸಪ್ಪಳ ಕೇಳಿರಲಿಲ್ಲ."

ಚಾಚಾ ನನಗೆ ಸ್ಟೂಲು ಸರಿಸಿ, "ಕುಂದರ್ರಿ ಬೇಟಿ" ಎಂದು, ಮಾತು ಮುಂದುವರಿಸಿದರು. "ನನ್ನದೂ ಕೇಳು. ಹದಿನೇಳಕ್ಕ ಬರೂದರಾಗ ನನ್ನ ಚೀಲದಾಗ ಕ್ಲಿಪ್ ತೀರಿದ್ವು. ತರಾಕ ಹಿಂದ ಹೋದ್ರ ಹೊತ್ತು ಹೋಗತೈತಿ. ನೀ ಹಿಂದ ಇದ್ದೀಯಲ್ಲ, ನೀ ತಟ್ಟತಿ, ಕ್ಲಿಪ್ ಇಲ್ಲಂತ ಒದರತಿ, ಆವಾಗ ತಂದ್ರಾತು ಅಂತ ನಂಬರ ಕೂಗಿ ಮುಂದ ನಡದೆ. ನೀ ನನ್ನ ನಂಬಿ ತಟ್ಟಲಿಲ್ಲ. ನಾ ನಿನ್ನ ನಂಬಿ ಹಾಕಲಿಲ್ಲ."

"ಮತ್ತ ವಿಚಾರಣೆದಾಗ ಇದನ್ಯಾಕ ಹೇಳಲಿಲ್ಲ?"

"ಹೇಳಾಕ ಬಾಯಿ ತಗದೆ. ಅಷ್ಟರಾಗ ನೀ ಕ್ಲಿಪ್ ಇತ್ತು ಅಂದಿ. ನಿನ್ನ ಬಾಯಾಗಿಂದ ಅದು ಬಂದಿದ್ದ ಕೇಳಿ ನನ್ನ ಮಾತ ನಿಂತ ಹೋತು. ತಟ್ಟಲಿಲ್ಲ ಅನ್ನೂದಕ್ಕ ನನಗ ಸಿಟ್ಟಿಲ್ಲ. ಆ ಮಾತಿಗಿ ಮೂವತ್ತು ವರ್ಷ ಸಿಟ್ಟೈತಿ. ಅದನ್ನ ಬರಸೀಯೇನು?"

"ಬರಸೀನಿ. ಬಾಯಾರ, ಓದಿ ಹೇಳ್ರಿ."

ಕಾಗದ ಬಿಡಿಸಿದೆ. ಕನ್ನಡದಲ್ಲಿ ಬೇರೆಯೇ ಹೇಳಿ ಪಾರಾಗಬಹುದಿತ್ತು, ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗೋಡೆಯ ಮೇಲೆ ಆ ಕ್ಲಿಪ್ಪುಗಳು ತೂಗುತ್ತಿದ್ದವು. ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ. "ತಪ್ಪಾಗಿ ಭಾವಿಸಿರಬಹುದು" ಎಂಬಲ್ಲಿಗೆ ಬಂದಾಗ ಚಾಚಾ ಗುರಾಣಿಯನ್ನು ಮತ್ತೆ ಮುಖಕ್ಕೆ ಎಳೆದುಕೊಳ್ಳಲು ಕೈ ಎತ್ತಿದರು.

"ಅದು ಕಾಕಾ ಹೇಳಿದ್ದಲ್ರಿ" ಎಂದೆ. "ನಾನ ಹಂಗ ಬರದೆ. ಅವರ ಮರ್ಯಾದಿ ಹೋಗಬಾರದಂತ. ತಪ್ಪು ನಂದು."

ಕಾಕಾ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅದರಲ್ಲಿ ಸಿಟ್ಟಿರಲಿಲ್ಲ. "ನಾ ಹೇಳಿದಂಗ ಐತಿ ಅಂದಿದ್ರಿ ನೀವು" ಎಂದರು. ಆಮೇಲೆ ತಮ್ಮಷ್ಟಕ್ಕೇ, "ನಾನೂ ಮತ್ತೊಬ್ಬರ ಕಡೆ ಓದಿಸಿ ನೋಡಬೇಕಿತ್ತು. ಮತ್ತ ಅದ ತಪ್ಪು ಮಾಡೇನಿ" ಎಂದರು.

ಅದಕ್ಕೆ ಚಾಚಾ ನಕ್ಕುಬಿಟ್ಟರು. ಅಂಥ ನಗು, ಪಕ್ಕದ ಪಂಕ್ಚರ್ ಅಂಗಡಿಯವನು ಇಣುಕಿ ನೋಡಿದ. "ಲೇ, ನಿನಗ ಮುಪ್ಪಾದ್ರೂ ತಟ್ಟಾಕ ಬರಲಿಲ್ಲಲೇ!" ಎಂದು ಕಾಕಾರ ಬೆನ್ನಿಗೊಂದು ಬಿಟ್ಟರು. ಬಿಳಿ ಅಂಗಿಯ ಮೇಲೆ ಐದೂ ಬೆರಳಿನ ಮಸಿ ಮೂಡಿತು. ಕಾಕಾ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ನಾನಂತೂ ಅತ್ತೆ.

ಅಲ್ಲೇ ಸ್ಟೂಲಿನ ಮೇಲೆ ಹೊಸ ಕಾಗದ ಬರೆದೆವು. "ನಾನು ಸುಳ್ಳು ಹೇಳಿದೆ" ಎಂದು ಕಾಕಾ ಹೇಳಿದರು, ಹಾಗೆಯೇ ಬರೆದೆ. ಚಾಚಾ ತಮ್ಮದನ್ನೂ ಸೇರಿಸಲೇಬೇಕೆಂದು ಹಟ ಹಿಡಿದರು. ಕಾಕಾ ಬೇಡವೆಂದರೂ ಕೇಳಲಿಲ್ಲ. "ಕ್ಲಿಪ್ ಹಾಕಿರಲಿಲ್ಲ ಅಂತನೂ ಬರೀರಿ ಬೇಟಿ. ಅರ್ಧಾ ಖರೆ ಕಳಸಬ್ಯಾಡ್ರಿ." ಬರೆದು ಮುಗಿದ ಮೇಲೆ ಕಾಲೇಜಿಗೆ ಹೋಗುವ ಚಾಚಾರ ಮೊಮ್ಮಗಳನ್ನು ಕರೆಸಿ, ಆಕೆಯಿಂದ ಒಂದೊಂದೇ ಸಾಲು ಓದಿಸಿ ಕನ್ನಡದಲ್ಲಿ ಹೇಳಿಸಿಕೊಂಡರು. ನಾನು ಪರೀಕ್ಷೆಗೆ ಕುಳಿತವಳಂತೆ ಬೆವರುತ್ತಿದ್ದೆ. ಇಬ್ಬರೂ ಸಹಿ ಹಾಕಿದರು, ಕಾಗದ ಹೋಯಿತು.

ಆಮೇಲೆ ಭಾನುವಾರಗಳಂದು ಕಾಕಾ ಕಾಗವಾಡದಲ್ಲಿ ಸಿಗುತ್ತಿರಲಿಲ್ಲ. ಉಗಾರದ ಅಂಗಡಿಯಲ್ಲಿ ಟ್ರಾಲಿಗಳ ಪಿನ್ನು ತಟ್ಟುತ್ತಾ ಇರುತ್ತಾರೆ ಎಂದು ಅವರ ಮನೆಯವರು ನಗುತ್ತಾ ಹೇಳುತ್ತಿದ್ದರು. ಅದು ತಮಾಷೆ ಎಂದುಕೊಂಡಿದ್ದೆ. ಒಮ್ಮೆ ಹೋಗಿ ನೋಡಿದರೆ ನಿಜ. ಚಾಚಾ ಪಿನ್ನು ಹಾಕಿ ಏನೋ ಕೂಗಿದರು, ಇವರು ತಟ್ಟಿ, ಮುಟ್ಟಿ, "ಠೀಕ್" ಎಂದರು. ಟ್ರ್ಯಾಕ್ಟರಿನವನು ಈ ಮುದುಕರಿಗೆ ತಲೆ ಕೆಟ್ಟಿದೆ ಎಂಬಂತೆ ನನ್ನ ಕಡೆ ನೋಡಿದ.

ಬ್ಯಾಂಕು ಗಾರ್ಡನ್ನು ತೆಗೆದು ಕ್ಯಾಮೆರಾ ಹಾಕಿಸಿದ ವರ್ಷ ಕಾಕಾರ ಎರಡನೆಯ ನಿವೃತ್ತಿ. ಹೋಗುವ ದಿನ ಬೀಗ ಜಗ್ಗಿ ನೋಡುವ ಕೆಲಸವನ್ನು ನನಗೆ ಒಪ್ಪಿಸಿದರು. ಕ್ಯಾಮೆರಾದ ಕಡೆ ನೋಡಿ, "ಅದು ನೋಡತೈತಿ, ಖರೆ. ಮುಟ್ಟೂದಿಲ್ಲಲ್ರಿ" ಎಂದರು.

ಪುಸ್ತಕ ಬಂದದ್ದು ಅದಾದ ಮರುವರ್ಷ. ಕಾಕಾ ಅದನ್ನು ಬಿಚ್ಚದೆ ಹಾಗೇ ಹಿಡಿದುಕೊಂಡು ನನಗೆ ಫೋನು ಮಾಡಿದರು. ಮೂವರೂ ಮತ್ತೆ ಆ ತಗಡಿನ ಅಂಗಡಿಯಲ್ಲಿ ಕೂಡಿದೆವು. ದಪ್ಪ ಪುಸ್ತಕ, ತುಂಬ ಸಾಹೇಬರ ಫೋಟೋಗಳು. ಹೇಸರಗತ್ತೆ ಇರಲಿಲ್ಲ. ಹಸಿರು ನಾಲಿಗೆಯೂ ಇರಲಿಲ್ಲ. ಹೊತ್ತವರ ಹೆಸರುಗಳಲ್ಲಿ ಕಾಲುಭಾಗ ಉಳಿದಿದ್ದವು. ನದಿಯ ಪುಟ ಹುಡುಕಿ ತೆಗೆದೆ. ನಾಲ್ಕು ಸಾಲುಗಳಿದ್ದವು. ಹದಿನೇಳನೆಯ ಪಿನ್ನಿಗೆ ಕ್ಲಿಪ್ಪು ಹಾಕಿರಲಿಲ್ಲ, ಅದನ್ನು ಪರೀಕ್ಷಿಸಿಯೂ ಇರಲಿಲ್ಲ, ಪರೀಕ್ಷಿಸಿದೆನೆಂದು ಸುಳ್ಳು ಹೇಳಲಾಯಿತು, ಇಬ್ಬರೂ ತಾವಾಗಿಯೇ ಬರೆದು ತಿಳಿಸಿದ್ದಾರೆ. ಕೆಳಗೆ ಇಬ್ಬರ ಹೆಸರು, ಒಂದರ ಪಕ್ಕ ಒಂದು, ಅವರ ಕಾಟುಗಳ ಹಾಗೆ.

ಚಾಚಾ ಕಣ್ಣೊರೆಸಿಕೊಂಡು, ತಮ್ಮ ಹೆಸರಿನ ಮುಂದೆ ಇನ್ನೂ ಏನೋ ಇದೆಯಲ್ಲ, ಏನದು ಎಂದು ಕೇಳಿದರು. ನಾನು ನೋಡಿದೆ, ನಗು ತಡೆಯಲಾಗಲಿಲ್ಲ. ನಮ್ಮ ಕರ್ನಾಟಕದ ಊರನ್ನು ಗಡಿ ದಾಟಿಸಿ, ಉಗಾರ ಖುರ್ದ, ಮಹಾರಾಷ್ಟ್ರ ಎಂದು ಅಚ್ಚು ಹಾಕಿದ್ದರು.

"ಪೂಲ ನಾವು ಕೆಡವಿದ್ವಿ, ಊರ ಅವರು ಹೊತ್ಕೊಂಡು ಹೋಗ್ಯಾರ!" ಎಂದು ಚಾಚಾ ಹೊಟ್ಟೆ ಹಿಡಿದು ನಕ್ಕರು. "ಹೋಗಲಿ ಬಿಡು. ಹೆಸರು ಖರೆ ಆತಲ್ಲ, ಸಾಕು."

ಕಾಕಾ ನಗಲಿಲ್ಲ. ಪುಸ್ತಕವನ್ನು ಮಡಿಲಿಗೆಳೆದುಕೊಂಡು, ಆ ನಾಲ್ಕು ಸಾಲುಗಳ ಮೇಲೆ ಹೆಬ್ಬೆರಳಾಡಿಸಿದರು. ಗೆಳೆಯನ ಹೆಸರಿನ ಮೇಲೆ ಒಂದು ಸಲ ತಟ್ಟಿದರು. ಚಾಚಾ ನಗು ನಿಲ್ಲಿಸಿ, ಆ ಒಂದು ಮಾತಿಗಾಗಿ ಕಾದು ಅವರ ಮುಖವನ್ನೇ ನೋಡುತ್ತಿದ್ದರು. ಆ ಮಾತು ಬರಲಿಲ್ಲ. ಕಾಕಾ ತಲೆಯೆತ್ತಿ ನನಗೆ ಹೇಳಿದರು:

"ಬಾಯಾರ, ಪೆನ್ನು ತಗೀರಿ. ಇನ್ನೊಂದು ಕಾಗದ ಬರೀಬೇಕು. ಈಂವ ನಮ್ಮ ಉಗಾರದಾಂವ. ಅದು ಸರಿ ಆಗಿದ್ದ ಮುಟ್ಟಿ ನೋಡೂ ತನಕ ನಾ ಠೀಕ್ ಅನ್ನೂದಿಲ್ಲ."